ಓಗೊಡದ ಗುಡ್ಡ

ತೊರೆಗುಂದಿಯ ಬಸ್ಸು ಊರ ಮುಂದಿನ ಹುಣಸೆಮರದ ಕೆಳಗೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ರಸ್ತೆಯಿಲ್ಲ. ಇಳಿದು ಬಡಗಣಕ್ಕೆ ತಿರುಗಿ ನಿಂತರೆ ಎದುರಿಗೇ ಕಾಣುವುದು ಓಗೊಡದ ಗುಡ್ಡ. ಹೆಸರು ಕೇಳಿ ದೊಡ್ಡ ಬೆಟ್ಟವನ್ನು ನೆನೆದುಕೊಂಡು ಬಂದವರಿಗೆ ಕೊಂಚ ನಿರಾಸೆಯಾಗುತ್ತದೆ. ಮಲಗಿ ಮೆಲುಕು ಹಾಕುವ ಎಮ್ಮೆಯಂತೆ ಅದು ನೆಲಕ್ಕೆ ಅಂಟಿಕೊಂಡಿದೆ. ನಡುವೆ ಒಂದು ಕಾಲುದಾರಿ, ದಾರಿಯ ಪಕ್ಕ ನೆತ್ತಿಯ ಮೇಲೆ ಒಂದು ಬೋಳುಬಂಡೆ. ಗುಡ್ಡದ ಈಚೆಗೆ ರಾಗಿ, ಹುರುಳಿಯ ಹೊಲಗಳು, ಆಚೆಗೆ ಕಾಡು. ಎರಡಕ್ಕೂ ನಡುವೆ ಮುಳ್ಳುತಂತಿಯಿಲ್ಲ, ಕಂದಕವಿಲ್ಲ. ಕೊನೆಯ ಹೊಲದ ಬದುವಿನ ಮೇಲೆ ಒಂದು ಕಲ್ಲಿದೆ, ಅಷ್ಟೆ. ಸೊಂಟದೆತ್ತರದ ಆ ಕಲ್ಲಿನಲ್ಲಿ ದೇವರಿಲ್ಲ, ಶಾಸನವಿಲ್ಲ, ಕತ್ತಿ ಹಿಡಿದ ವೀರನೂ ಇಲ್ಲ. ಅಂಗೈಯಗಲದ ಒಂದು ಕಿವಿಯನ್ನು ಮಾತ್ರ ಕೆತ್ತಿದ್ದಾರೆ. ಊರಿನವರು ಅದನ್ನು ಕಿವಿಗಲ್ಲು ಎನ್ನುತ್ತಾರೆ. ಹೆಂಗಸರು ವಾರಕ್ಕೊಮ್ಮೆ ಆ ಕಿವಿಗೆ ಎಣ್ಣೆ ಬಿಡುತ್ತಾರೆ, ಮಕ್ಕಳು ಅದಕ್ಕೆ ಬಾಯಿಟ್ಟು ಪಕ್ಕದ ಮನೆಯವರ ಮೇಲೆ ಚಾಡಿ ಹೇಳುತ್ತಾರೆ. ಅರಣ್ಯದವರ ಅಪ್ಪಣೆ ಪಡೆದು ಗುಡ್ಡ ದಾಟಿ ಆಚೆ ತಗ್ಗಿಗೆ ಇಳಿದವರು ಇಂಥದೇ ಇನ್ನೊಂದು ಕಲ್ಲನ್ನು ನೋಡಬಹುದು. ಅದರ ಕಿವಿಯನ್ನು ಯಾರೋ ಉಳಿಯಿಂದ ಹೊಡೆದು ಹೊಡೆದು ಅಳಿಸಿದ್ದಾರೆ. ಅದು ಕಿವುಡುಗಲ್ಲು. ಒಂದು ಊರಿಗೆ ಎರಡು ಎಲ್ಲೆಗಲ್ಲು ಏಕೆ, ಒಂದಕ್ಕೆ ಕಿವಿಯಿದ್ದು ಇನ್ನೊಂದಕ್ಕೆ ಏಕಿಲ್ಲ ಎಂದು ಕೇಳಿದರೆ ತೊರೆಗುಂದಿಯ ಹಿರಿಯರು ಅಂಕೇಗೌಡನ ಕಥೆ ಹೇಳುತ್ತಾರೆ. ಹೇಳುವಾಗ ದನಿ ತಗ್ಗಿಸುತ್ತಾರೆ, ಏಕೆಂದರೆ ಹೇಳುವವರಲ್ಲಿ ಅರ್ಧ ಜನ ಅವನ ವಂಶದವರೇ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಹೊಳೆಯ ದಂಡೆಯ ಮೇಲಿದ್ದ ಒಂದು ಊರು ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಯಿತಂತೆ. ಉಳಿದ ಹನ್ನೊಂದು ಒಕ್ಕಲನ್ನು ಕಟ್ಟಿಕೊಂಡು, ಬಿತ್ತನೆಯ ರಾಗಿಯನ್ನು ಮಡಕೆಯಲ್ಲಿ ಹೊತ್ತು, ಹೊಸ ನೆಲ ಹುಡುಕುತ್ತ ಹೊರಟವನು ಅಂಕೇಗೌಡ. ಜೊತೆಯಲ್ಲಿ ಅವನ ತಮ್ಮ ಸಿದ್ದೇಗೌಡ. ತಂದೆತಾಯಿ ಸಿಡುಬಿನಲ್ಲಿ ಹೋದಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಣ್ಣನೇ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಅಣ್ಣ ಗಿಡ್ಡ, ತಮ್ಮ ಗಳುವಿನಂತೆ ಉದ್ದ. ಮುಖ, ಬಣ್ಣ, ನಡಿಗೆ ಯಾವುದರಲ್ಲೂ ಹೋಲಿಕೆಯಿಲ್ಲ. ಆದರೆ ದನಿ ಮಾತ್ರ ಒಂದೇ ಅಚ್ಚು. ಸಿದ್ದೇಗೌಡನ ಹೆಂಡತಿ ಸಣ್ಣತಾಯಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, ಗಂಡ ಹಿತ್ತಿಲಿನಿಂದ ಕೂಗಿದರೆ ಬಾವನವರು ಬಂದರೆಂದು ಸೆರಗು ಹೊದ್ದು ಒಳಕೋಣೆ ಸೇರುತ್ತಿದ್ದಳು; ಬಾವ ಕೂಗಿದರೆ ಗಂಡನೆಂದುಕೊಂಡು "ಬಂದೆ ಇರಿ, ಪ್ರಾಣ ತಿನ್ಬೇಡಿ" ಎಂದುಬಿಡುತ್ತಿದ್ದಳು. ಹನ್ನೊಂದು ಒಕ್ಕಲಿನವರೂ ಇದನ್ನು ಹೇಳಿಕೊಂಡು ನಗುತ್ತಿದ್ದರು. ನೆಲೆ ಕಳೆದುಕೊಂಡು ದಾರಿ ನಡೆಯುವಾಗ ನಗುವುದಕ್ಕೆ ಅವರ ಬಳಿ ಬೇರೆ ಏನೂ ಇರಲಿಲ್ಲ.

ಆ ಸೀಮೆಯಲ್ಲಿ ಹೊಸ ಊರಿಗೆ ನೆಲ ಅಳೆಯುತ್ತಿದ್ದುದು ಹಗ್ಗದಿಂದಲ್ಲ, ಕೂಗಿನಿಂದ. ಅದಕ್ಕೆ ಕೂಗಳತೆ ಎನ್ನುತ್ತಿದ್ದರು. ಮೊದಲು ಊರ ನಟ್ಟನಡುವೆ ಕರುಗಲ್ಲು ನೆಡಬೇಕು. ಗೌಡನಾದವನು ಅದರ ಪಕ್ಕ ನಿಂತು ಊರಿನ ಹೆಸರು ಹಿಡಿದು ಕೂಗುತ್ತಿರಬೇಕು. ಪಾಳೆಯಗಾರನ ಪಾರುಪತ್ಯಗಾರ ಕಿವಿ ಕೆತ್ತಿದ ಕಲ್ಲನ್ನು ಆಳುಗಳಿಂದ ಹೊರಿಸಿಕೊಂಡು ಕಾಡಿನ ಕಡೆಗೆ ನಡೆಯಬೇಕು. ಕೂಗು ಕೇಳುವಷ್ಟು ದೂರ ಊರು, ಕೇಳದಾದ ಕಡೆ ಕಲ್ಲು, ಕಲ್ಲಿನಿಂದಾಚೆ ಕಾಡು. ಇಷ್ಟೇ ಆಗಿದ್ದರೆ ಅದು ಬರೀ ಅಳತೆಯಾಗುತ್ತಿತ್ತು. ಅದರ ಬೆನ್ನಿಗೆ ಒಂದು ಕಟ್ಟುಪಾಡೂ ಇತ್ತು. ಕಲ್ಲಿನ ಒಳಗೆ ಯಾರು ಕೂಗಿದರೂ, ಹಗೆಯವನೇ ಆಗಲಿ, ಕೇಳಿದವನು ಮೊದಲ ಕೂಗಿಗೇ "ಓ" ಎಂದು ಓಗೊಟ್ಟು ಓಡಬೇಕು. ಕಲ್ಲಿನಾಚೆ ಹಾಗಲ್ಲ. ಕಾಡಿನಲ್ಲಿ ಪರಿಚಯದ ದನಿಯಲ್ಲಿ ಕರೆಯುವುದು ಗಾಳಿಯೂ ಇರಬಹುದು, ದೆವ್ವವೂ ಇರಬಹುದು. ಗಾಳಿಗೆ ಎರಡೇ ಕೂಗು, ಮೂರನೆಯದು ಮನುಷ್ಯರದು ಎಂದು ನಂಬಿದ್ದ ಕಾಲ ಅದು. ಮೂರನೆಯ ಕೂಗು ಕೇಳುವವರೆಗೆ ಅಲ್ಲಿ ತುಟಿ ಬಿಚ್ಚುವಂತಿಲ್ಲ. ಕಾಡಿನ ಪೋಡುಗಳಲ್ಲಿ, ಅಂದರೆ ಗುಡಿಸಲು ಹಾಡಿಗಳಲ್ಲಿ, ವಾಸವಿದ್ದವರಿಗೂ ತಮ್ಮದೊಂದು ಕಟ್ಟಿತ್ತು. ಕಲ್ಲಿನ ಒಳಗಿಂದ ಎದ್ದ ಕೂಗು ಊರಿನವರ ಪಾಲು. ಅದಕ್ಕೆ ಕಾಡಿನವರು ಓಗೊಟ್ಟರೆ ಊರಿನಲ್ಲಿ ಕೇಳುವವರು ಸತ್ತರೇ ಎಂದು ಹಂಗಿಸಿದ ಹಾಗೆ.

ಅಂಕೇಗೌಡ ಬಂದು ನಿಂತ ಜಾಗದಲ್ಲಿ ಗುಡ್ಡದ ಈಚೆಗಿದ್ದುದು ಕಲ್ಲುನೆಲ. ನೇಗಿಲು ಹೂಡಿದರೆ ನೇಗಿಲೇ ಅಳಬೇಕು. ಹನ್ನೊಂದು ಒಕ್ಕಲು ಅರೆಹೊಟ್ಟೆಯಲ್ಲಿ ಬದುಕಬಹುದು. ಅದು ಇಪ್ಪತ್ತಾದ ದಿನ ಯಾರು ಎದ್ದುಹೋಗಬೇಕು? ಅವನು ಒಬ್ಬನೇ ಗುಡ್ಡ ಹತ್ತಿ ಆಚೆ ನೋಡಿದ. ಕೆಳಗೆ ತಗ್ಗಿನಲ್ಲಿ ಎರೆಮಣ್ಣು ಕಪ್ಪಗೆ ಹಾಸಿಕೊಂಡಿತ್ತು. ಅದರ ನಡುವೆ ಒಂದು ಮಡು, ಬೇಸಗೆಯಲ್ಲೂ ನೀರು. ಮಡುವಿಗೆ ನಾಲ್ಕು ದಿಕ್ಕಿನಿಂದಲೂ ಜಾಡುಗಳು ಬಂದು ಸೇರಿದ್ದವು. ಆನೆಯದು, ಕಾಟಿಯದು, ಜಿಂಕೆಯದು, ಅವುಗಳ ಹಿಂದೆ ಬರುವವರದು. ಅಂಕೇಗೌಡ ಜಾಡುಗಳನ್ನು ನೋಡಲಿಲ್ಲ, ಮಣ್ಣನ್ನು ನೋಡಿದ. ಹಸಿದ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡವನ ಕಣ್ಣು ಅದು. ಅವನನ್ನು ದುರಾಸೆಯವನೆಂದು ಇಷ್ಟಕ್ಕೇ ಬೈಯುವುದು ಸಲ್ಲ. ಸಂಜೆ ತಮ್ಮನನ್ನು ಕರೆದು ತಗ್ಗಿನ ವಿಷಯ ಹೇಳಿದ.

"ಅಲ್ಲೀಗಂಟ ಕೂಗು ಬರಾಕಿಲ್ವಲ್ಲ ಅಣ್ಣಯ್ಯ. ಗುಡ್ಡ ಅಡ್ಡ ಅದೆ" ಎಂದ ಸಿದ್ದೇಗೌಡ.

"ನಂದು ಬರಾಕಿಲ್ಲ. ನಿಂದು ಬತ್ತದೆ" ಎಂದ ಅಂಕೇಗೌಡ.

ಅಳತೆಯ ದಿನ ಸಿದ್ದೇಗೌಡ ಬೆಳಕು ಹರಿಯುವ ಮೊದಲೇ ಗುಡ್ಡದ ನೆತ್ತಿಗೆ ಹೋಗಿ ಬೋಳುಬಂಡೆಯ ಹಿಂದೆ ಕಾರೆಮುಳ್ಳಿನ ಪೊದೆಯಲ್ಲಿ ಕುಳಿತ. ತಮ್ಮ ಎಲ್ಲಿ ಎಂದು ಕೇಳಿದವರಿಗೆ ಅಣ್ಣ, ಅವನಿಗೆ ಚಳಿಜ್ವರ, ಮಲಗಿದ್ದಾನೆ ಎಂದ. ಪಾರುಪತ್ಯಗಾರ ಕುದುರೆಯ ಮೇಲೆ, ಕಲ್ಲು ನಾಲ್ವರ ಹೆಗಲಿನ ಮೇಲೆ, ಕಾಡಿನ ಪರವಾಗಿ ಸಾಕ್ಷಿಗೆಂದು ಆಚೆ ಪೋಡಿನ ಯಜಮಾನ ಜಡೆಯ, ಹೀಗೆ ಮೆರವಣಿಗೆ ಹೊರಟಿತು. ಹಿಂದಿನಿಂದ ಅಂಕೇಗೌಡ ಕರುಗಲ್ಲಿಗೆ ಕೈಯೂರಿ ಕೂಗಿದ: "ಓ... ತೊರೆಗುಂದೀ...!" ಗುಡ್ಡದ ಬುಡ ಬರುವಷ್ಟರಲ್ಲಿ ಕೂಗು ಸಣ್ಣಗಾಯಿತು. ಬುಡದಲ್ಲಿದ್ದ ತಡಸಲ ಮರ ದಾಟಿದಾಗ ಬರೀ ಗಾಳಿ. ಪಾರುಪತ್ಯಗಾರ ಲಗಾಮು ಎಳೆದು, ಇಳಿಸಿ ಎನ್ನುವುದಕ್ಕೂ, ಮೇಲಿನಿಂದ ಅದೇ ದನಿ, ಅದೇ ಎಳೆತ, ಅದೇ ಹೆಸರು ಗುಡ್ಡವನ್ನೆಲ್ಲ ತುಂಬಿಕೊಂಡು ಇಳಿದುಬರುವುದಕ್ಕೂ ಸರಿಹೋಯಿತು. ಹೊತ್ತವರು ಕಲ್ಲನ್ನು ಕೈಬಿಡುವುದರಲ್ಲಿದ್ದರು. ಪಾರುಪತ್ಯಗಾರ ಬಾಯಿ ತೆರೆದುಕೊಂಡು ಮೇಲೆ ನೋಡಿದ. "ಗುಡ್ಡ ಓಗೊಡ್ತಿದೆಯಲ್ಲೋ!" ಎಂದ. ಅಲ್ಲಿಂದ ಮುಂದೆ ಗುಡ್ಡ ಹತ್ತಿ, ಇಳಿದು, ತಗ್ಗನ್ನು ದಾಟಿ, ಮಡುವಿನ ಆಚೆ ದಂಡೆ ಮುಟ್ಟುವವರೆಗೂ ಕೂಗು ಅವರ ಬೆನ್ನು ಬಿಡಲಿಲ್ಲ.

ಎಲ್ಲರಿಗಿಂತ ಹೆಚ್ಚು ದಿಗಿಲುಗೊಂಡವನು ಜಡೆಯ. ಮರದ ಮೇಲಿನ ಹಕ್ಕಿ ರೆಕ್ಕೆ ಬಡಿದರೆ ಯಾವ ಹಕ್ಕಿ ಎಂದು ಹೇಳುವ ಕಿವಿ ಅವನದು. ಆ ಕಿವಿಗೆ ಮೋಸ ತಿಳಿಯದೆ ಹೋದದ್ದು ಹೇಗೆ ಎಂದು ಇಂದಿಗೂ ಕೆಲವರು ಕೇಳುತ್ತಾರೆ. ಆ ಗುಡ್ಡ ಅವನಿಗೆ ದೇವರು. ದೇವರ ಬಾಯಲ್ಲಿ ಮನುಷ್ಯ ಅಡಗಿ ಕುಳಿತಾನು ಎಂದು ಅವನು ಎಣಿಸುವುದಾದರೂ ಹೇಗೆ? "ನನ್ ಗಡ್ಡ ಬೆಳ್ಳಗಾಯ್ತು ಬುದ್ದಿ, ಈ ಗುಡ್ಡ ಯಾರಿಗೂ ಓ ಅಂದಿರ್ನಿಲ್ಲ. ಇವತ್ತು ಅಂತು. ಗುಡ್ಡವೇ ಒಪ್ಪಿದ ಮ್ಯಾಲೆ ನಮ್ದೇನದೆ?" ಎಂದು ಅವನು ನೆಟ್ಟ ಕಲ್ಲಿನ ಮೇಲೆ ಅಂಗೈಯಿಟ್ಟ. ತನ್ನವರು ತಲೆತಲಾಂತರದಿಂದ ನೀರು ಮೊಗೆದ ಮಡುವನ್ನು ಒಮ್ಮೆ ನೋಡಿದ. ಇನ್ನು ಇಲ್ಲಿ ಯಾರು ಕೂಗಿದರೂ ನೀವೇ ಓಗೊಡಬೇಕು ಎಂದು ಊರಿನವರಿಗೆ ಹೇಳಿ, ಕಣ್ಣೊರೆಸಿಕೊಂಡು ಹೊರಟುಹೋದ.

ಪಾಳೆಯಗಾರ ಸುದ್ದಿ ಕೇಳಿ ಅಂಕೇಗೌಡನಿಗೆ ಕೆಂಪು ಶಾಲು ಹೊದಿಸಿದ. 'ಗುಡ್ಡ ಕೂಗಿಸಿದ ಗೌಡ' ಎಂಬ ಬಿರುದೂ ಬಂತು. ಎರೆಮಣ್ಣು ಮೊದಲ ವರ್ಷವೇ ಕಣಜ ತುಂಬಿಸಿತು. ಊರಿಗೆ ನೆಂಟರು ಬಂದಾಗಲೆಲ್ಲ ಅಂಕೇಗೌಡ ಶಾಲು ಹೊದ್ದು, ತಾನು ಕೂಗಿದ್ದು, ಗುಡ್ಡ ತನ್ನ ದನಿಯನ್ನು ಎತ್ತಿಕೊಂಡು ಮಡುವಿನವರೆಗೆ ಮುಟ್ಟಿಸಿದ್ದು ಎಲ್ಲವನ್ನೂ ಬಣ್ಣಿಸುತ್ತಿದ್ದ. ಮೊದಮೊದಲು ಹೇಳುವಾಗ ತಮ್ಮನ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದ. ಆಮೇಲಾಮೇಲೆ ನೋಡುವುದನ್ನು ಬಿಟ್ಟ. ಎರಡು ವರ್ಷ ಕಳೆಯುವಷ್ಟರಲ್ಲಿ ಬೋಳುಬಂಡೆಯ ಹಿಂದೆ ಯಾರಾದರೂ ಕುಳಿತಿದ್ದರು ಎಂಬುದೇ ಅವನ ನೆನಪಿನಿಂದ ಜಾರಿತ್ತು. ಆದರೆ ಬಾಯಿ ಮರೆತದ್ದನ್ನು ಕಾಲು ಮರೆತಿರಲಿಲ್ಲ. ತಗ್ಗಿಗೆ ಹೋಗುವಾಗ ಗುಡ್ಡದ ಬುಡದ ತಡಸಲ ಮರ ಬಂತೆಂದರೆ ಅವನು ತಾನಾಗಿಯೇ ಮಾತು ನಿಲ್ಲಿಸುತ್ತಿದ್ದ, ಯಾರಾದರೂ ಕರೆದರೂ ಓ ಎನ್ನುತ್ತಿರಲಿಲ್ಲ. ಕಲ್ಲು ಎಲ್ಲಿಯೇ ಇರಲಿ, ಕಾಡು ಎಲ್ಲಿಂದ ಮೊದಲಾಗುತ್ತದೆ ಎಂಬುದು ಅವನ ಕಾಲಿಗೆ ಚೆನ್ನಾಗಿ ಗೊತ್ತಿತ್ತು.

ಎರಡನೆಯ ವರ್ಷ ಪ್ರಾಣಿಗಳು ಬೆಳೆಗೆ ಬಿದ್ದವು. ಊರಿನವರು ಮಡುವಿನ ಸುತ್ತ ಮುಳ್ಳಿನ ಬೇಲಿ ಎಳೆದರು, ಆನೆಯ ಜಾಡಿಗೆ ಅಡ್ಡಲಾಗಿ ಮರ ಕೆಡವಿದರು. ಜಡೆಯ ಒಮ್ಮೆ ಬಂದು ಕೈಮುಗಿದು, ಬೇಸಗೆಯಲ್ಲಾದರೂ ಒಂದು ಮಗ್ಗುಲು ತೆರೆದಿಡಿ, ಅವಕ್ಕೆ ಮಾತು ಬರಾಕಿಲ್ಲ, ಅದಕ್ಕೆ ನಾನು ಕೇಳ್ತಿವ್ನಿ ಎಂದ. "ಕಲ್ಲು ಎಲ್ಲದೆ ನೋಡು ಯಜಮಾನ. ನಿನ್ ಗುಡ್ಡವೇ ಕೊಟ್ಟದ್ದು" ಎಂದ ಅಂಕೇಗೌಡ. ಜಡೆಯ ಗುಡ್ಡದ ಕಡೆಗೆ ಕೈಮುಗಿದು ಹೊರಟ. ಅವನು ಹೋದ ಮೇಲೆ ಸಿದ್ದೇಗೌಡ ಅಣ್ಣನ ಮುಖ ನೋಡಿದ. ಅಣ್ಣ ಶಾಲು ಸರಿಮಾಡಿಕೊಂಡು ಒಳಗೆ ಹೋದ.

ಮೂರನೆಯ ಬೇಸಗೆ ಕೆಟ್ಟ ಬೇಸಗೆ. ಕಾಡಿನ ಹಳ್ಳಗಳೆಲ್ಲ ಬತ್ತಿದ್ದವು. ತಗ್ಗಿನಲ್ಲಿ ಸಿದ್ದೇಗೌಡನೊಬ್ಬನೇ ಏತ ಹೂಡಿ ಮಡುವಿನ ನೀರೆತ್ತಿ ಬದನೆ, ಕುಂಬಳ ಬೆಳೆಯುತ್ತಿದ್ದ. ಮಧ್ಯಾಹ್ನದ ಬುತ್ತಿಯನ್ನು ದಿನವೂ ಸಣ್ಣತಾಯಮ್ಮ ಕೊಂಡೊಯ್ಯುತ್ತಿದ್ದಳು. ಆಗ ಅವಳು ಹತ್ತು ದಿನದ ಬಾಣಂತಿ, ಚೊಚ್ಚಲ ಮಗು. ಅಂಕೇಗೌಡನ ಹೆಂಡತಿ ಬಾಣಂತಿಯ ಬಿಸಿನೀರು, ಕಷಾಯ ಎಂದು ಒಲೆಯ ಮುಂದೆ ಇದ್ದಳು. ಹಾಗಾಗಿ ಆ ದಿನ ಹಿಟ್ಟು, ಉಪ್ಪುಸಾರಿನ ಬುತ್ತಿಯನ್ನು ಗೌಡನೇ ಹೊತ್ತು ಹೊರಟ. ಬಿರುಬಿಸಿಲು, ಮಟಮಟ ಮಧ್ಯಾಹ್ನ, ಗಾಳಿಗಳು ಅಡ್ಡಾಡುವ ಹೊತ್ತು. ತಡಸಲ ಮರ ದಾಟಿದ, ಬಾಯಿ ಕಟ್ಟಿತು. ಗುಡ್ಡದ ನೆತ್ತಿಗೆ ಬಂದು ಬೋಳುಬಂಡೆಯ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಕೂಗು ಕೇಳಿಸಿತು.

"ಓ... ತೊರೆಗುಂದೀ...!"

ಅದು ಅವನದೇ ದನಿ. ಎರಡು ವರ್ಷ ನೆಂಟರ ಮುಂದೆಲ್ಲ ಬಣ್ಣಿಸಿದ್ದ, ಗುಡ್ಡ ಎತ್ತಿಕೊಂಡಿತು ಎಂದು ಸಾವಿರ ಸಲ ಹೇಳಿದ್ದ, ಅದೇ ದನಿ, ಅದೇ ಮಾತು. ಬಂಡೆಯ ಯಾವ ಮಗ್ಗುಲಿನಿಂದ ಬಂತೋ ತಿಳಿಯಲಿಲ್ಲ. ಅಂಕೇಗೌಡ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡ. ನಾನು ಇಲ್ಲಿ ನಿಂತಿದ್ದೇನೆ, ನನ್ನ ತುಟಿ ಮುಚ್ಚಿದೆ, ನನ್ನ ದನಿ ನನ್ನನ್ನು ಕರೆಯುತ್ತಿದೆ. ಗುಡ್ಡ ನಾನು ಅಂದು ಕೂಗಿದ್ದನ್ನು ಇಷ್ಟು ದಿನ ಬಚ್ಚಿಟ್ಟುಕೊಂಡು ಈಗ ಹಿಂದಕ್ಕೆ ಕೊಡುತ್ತಿದೆ ಎಂದುಕೊಂಡ. ಕಲ್ಲಿನ ಲೆಕ್ಕದಲ್ಲಿ ಅವನು ನಿಂತದ್ದು ಊರಿನಲ್ಲಿ. ಊರಿನ ಬೇರೆ ಯಾರೇ ಆಗಿದ್ದರೂ ಓ ಎಂದು ಕಿರುಚಿ ಇಳಿಜಾರಿನಲ್ಲಿ ಉರುಳಿಕೊಂಡಾದರೂ ಓಡುತ್ತಿದ್ದರು. ಅಂಕೇಗೌಡನಿಗೆ ಮಾತ್ರ ಅದು ಕಾಡೆಂದು ಗೊತ್ತಿತ್ತು. ಅವನು ಕಾಡಿನ ಕಟ್ಟನ್ನು ಪಾಲಿಸಿದ. ಎರಡನೆಯ ಕೂಗು ಬಂತು. ಮೊದಲಿನದಕ್ಕಿಂತ ಉದ್ದ, ಕೊನೆಯಲ್ಲಿ ಒಡಕು. ಅವನು ಬಂಡೆಯನ್ನು ತಬ್ಬಿಕೊಂಡು ಮಾದಪ್ಪನ ನೆನೆಯುತ್ತ ಮೂರನೆಯದಕ್ಕೆ ಕಾದ. ಬಹಳ ಹೊತ್ತು ಕಾದ. ಮೂರನೆಯದು ಬರಲಿಲ್ಲ. ಗಾಳಿಯೇ ಎಂದು ಮನಸ್ಸಿಗೆ ಗಟ್ಟಿಯಾಯಿತು. ಹೊತ್ತು ಇಳಿದ ಮೇಲೆ ಹೋದರಾಯಿತೆಂದು ಬುತ್ತಿಯ ಸಮೇತ ಊರ ಕಡೆಗೆ ಬಿದ್ದಂಬೀಳ ಇಳಿದುಬಂದ.

ಮನೆಗೆ ಬಂದು ಬುತ್ತಿಯನ್ನು ಜಗಲಿಯ ಮೇಲಿಟ್ಟು, ಒಂದು ಚೆಂಬು ನೀರು ಕುಡಿದು, ಹಣೆಗೆ ವಿಭೂತಿ ಬಳಿದುಕೊಂಡ. ಜೀವ ಉಳಿಸಿಕೊಂಡು ಬಂದವನ ಜಂಬವೂ ಸ್ವಲ್ಪ ಇತ್ತು. "ನನ್ ದನೀಲೇ ನನ್ನ ಕರೀತು ಕನಾ. ನಾನೇನು ದಡ್ಡನಾ? ಎಲ್ಡು ಸಲ ಕೂಗ್ತು, ಸುಮ್ಕಿದ್ದೆ. ಮೂರ್ನೇದು ಬರ್ನೇ ಇಲ್ಲ" ಎಂದು ಹೆಂಡತಿಗೆ ಹೇಳಿದ. ಒಳಕೋಣೆಯ ಬಾಗಿಲಿಗೆ ಸಣ್ಣತಾಯಮ್ಮ ಬಂದು ನಿಂತಳು. ಎದೆಯ ಮೇಲೆ ಮಗು, ತಲೆಯ ಮೇಲೆ ಸೆರಗಿಲ್ಲ. ಬಾವನ ಎದುರು ಅವಳು ಹಾಗೆ ನಿಂತದ್ದು ಅದೇ ಮೊದಲು. ಅವಳು ಗಂಟು ಬಿಚ್ಚದ ಬುತ್ತಿಯನ್ನು ನೋಡಿದಳು.

"ಬಾವಾ," ಎಂದಳು, "ನಿಮ್ ದನಿ ಈ ಊರಲ್ಲಿ ಎಷ್ಟು ಜನಕ್ಕದೆ?"

ಅಂಕೇಗೌಡ ಕೈಯಲ್ಲಿದ್ದ ಚೆಂಬನ್ನು ಬಿಸುಟು ಗುಡ್ಡದ ಕಡೆಗೆ ಓಡಿದನಂತೆ. ಆಮೇಲೆ ಅವನು ಗುಡ್ಡ ಹತ್ತಿದ್ದು, ಇಳಿದದ್ದು ಯಾವುದೂ ಅವನಿಗೆ ನೆನಪಿರಲಿಲ್ಲ ಎನ್ನುತ್ತಾರೆ.

ತಗ್ಗಿನಲ್ಲಿ ಬೇಲಿ ನೆಲಸಮವಾಗಿತ್ತು. ಏತದ ಮರ ಮುರಿದು ಬಿದ್ದಿತ್ತು. ಮಡುವಿನ ಕೆಸರಿನಲ್ಲಿ ದೊಡ್ಡ ಹೆಜ್ಜೆಗಳ ನಡುವೆ ಮರಿಯಾನೆಯ ಪುಟ್ಟ ಹೆಜ್ಜೆಗಳು. ಬಾಯಾರಿದ ಮರಿಯನ್ನು ಕರೆತಂದ ತಾಯಿಗೆ ಬೇಲಿ ಅಡ್ಡವಾಗಿತ್ತು, ಬೇಲಿಯ ಒಳಗೆ ಒಬ್ಬ ಮನುಷ್ಯನಿದ್ದ. ನೀರು ಕುಡಿದು ಅವು ಹೋಗಿದ್ದವು. ಸಿದ್ದೇಗೌಡ ಏತದ ಬಳಿ ಇರಲಿಲ್ಲ. ಅಲ್ಲಿಂದ ಗುಡ್ಡದ ಕಡೆಗೆ ಎರೆಮಣ್ಣಿನ ಮೇಲೆ ಒಂದು ಗೀರು ಎಳೆದುಕೊಂಡು ಹೋಗಿತ್ತು, ಮೂವತ್ತು ಮಾರು. ಎದೆಗೂಡು ಮುರಿದವನು ಮೊಣಕೈಯೂರಿ ತೆವಳಿದ ಗುರುತು ಅದು. ಎರಡನೆಯ ಕೂಗಿನ ಹೊತ್ತಿಗೆ ಅವನ ಉಸಿರು ಮುಗಿದಿತ್ತು, ಜೀವ ಮುಗಿದಿರಲಿಲ್ಲ. ಗೀರಿನ ತುದಿಯಲ್ಲಿ ಅವನು ಅಂಗಾತ ಮಲಗಿದ್ದ, ಮುಖದ ಮೇಲೆ ಮುತ್ತುಗದ ಎಲೆ. ಆ ಎಲೆಯನ್ನು ಮುಚ್ಚಿದ್ದ ಜಡೆಯ ಪಕ್ಕದಲ್ಲಿ ಕುಳಿತಿದ್ದ.

"ಎಲ್ಡು ಕೂಗು ಕೇಳ್ತು ಗೌಡ," ಎಂದ ಜಡೆಯ. "ನಾನು ಅಗೋ ಆ ಅತ್ತಿಮರದ ತಾವಿದ್ದೆ. ಕಲ್ಲಿನ ಒಳಗಿನ ಕೂಗು, ಊರೋರು ಓಗೊಡ್ತಾರೆ ಅಂತ ಸುಮ್ಕಿದ್ದೆ. ಯಾರೂ ಓ ಅನ್ನೇ ಇಲ್ಲ. ತಡೀನಾರದೆ ಕಟ್ಟು ಮುರ್ಕೊಂಡು ಓಡ್ಬಂದೆ, ಅಷ್ಟೊತ್ಗೆ ಹಿಂಗಾಗಿತ್ತು. ಎರಡು ಕಡೆಯಿಂದ ಮನುಷ್ಯರ ದನಿ ಕೇಳಿದ್ರೆ ಆನೆ ಹಿಂದಕ್ಕೆ ಸರೀತದೆ ಗೌಡ. ಒಂದು ಓ ಸಾಕಾಗಿತ್ತು. ಊರಲ್ಲಿ ಯಾರಿಗೂ ಕೇಳ್ನಿಲ್ವಾ?"

"ನಂಗೆ ಕೇಳ್ತು" ಎಂದ ಅಂಕೇಗೌಡ.

ಜಡೆಯನಿಗೆ ಅರ್ಥವಾಗಲಿಲ್ಲ. ಅಂಕೇಗೌಡ ತಮ್ಮನ ಕಾಲ ಬಳಿ ಕುಸಿದು, ಎಲೆ ಮುಚ್ಚಿದ ಮುಖವನ್ನು ಕೈ ಮಾಡಿ ತೋರಿಸಿದ. "ಅವತ್ತು ಗುಡ್ಡ ಓಗೊಡ್ನಿಲ್ಲ ಕನಾ ಜಡೆಯಪ್ಪ. ಓಗೊಟ್ಟೋನು ಇವ್ನು" ಎಂದ. ಮುದುಕ ಗುಡ್ಡವನ್ನೊಮ್ಮೆ, ಹೆಣವನ್ನೊಮ್ಮೆ ನೋಡಿದ. ಕಲ್ಲನ್ನು ನಂಬಿದವನು ಊರಿನ ನೆಲವೆಂದು ಸುಮ್ಮನಿದ್ದ, ಕಲ್ಲಿನ ಸುಳ್ಳು ತಿಳಿದವನು ಕಾಡೆಂದು ಸುಮ್ಮನಿದ್ದ. ಇಬ್ಬರ ಕಿವಿಗೂ ಬಿದ್ದ ಕೂಗು ನಡುವೆ ಸತ್ತುಹೋಯಿತು. ಜಡೆಯ ಕೇಳಿದ್ದು ಒಂದೇ ಮಾತಂತೆ. "ಹಂಗಾರೆ ಆ ಗುಡ್ಡ ಯಾವತ್ತೂ ಒಪ್ಪಿರ್ನಿಲ್ವಾ?"

ತಿಂಗಳು ಕಳೆದ ಮೇಲೆ ಊರು ಕೂಡಿತು. ಅಂಕೇಗೌಡ ಪಿಸುಮಾತಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ತಮ್ಮ ಸತ್ತ ದಿನದಿಂದ ಅವನು ದನಿಯೆತ್ತಿ ಮಾತಾಡಲೇ ಇಲ್ಲ. ಎತ್ತಿದರೆ ಸಣ್ಣತಾಯಮ್ಮ ಗಂಡ ಬಂದನೆಂದು ಎದ್ದಾಳು ಎಂಬ ಭಯ. ಕೆಲವರು ಹಲ್ಲು ಕಚ್ಚಿದರು, ಕೆಲವರು ಅತ್ತರು. ಆದರೂ ಒಂದಿಬ್ಬರು, ಆದದ್ದಾಯಿತು, ಎರೆಮಣ್ಣು ಬಿಟ್ಟರೆ ಹೊಟ್ಟೆಗೇನು, ಬೇಲಿಯನ್ನು ಇನ್ನೂ ಗಟ್ಟಿ ಮಾಡೋಣ ಎಂದರು. ಅವರು ಕೆಟ್ಟವರಲ್ಲ, ಹಸಿವನ್ನು ಕಂಡವರು. ಆಗ ಸಣ್ಣತಾಯಮ್ಮ ಮಗುವನ್ನು ಎತ್ತಿಕೊಂಡು ಸಭೆಯ ನಡುವೆ ಬಂದು ಕೇಳಿದಳು: "ನಾಳೆ ನನ್ ಮಗಳು ಆ ತಗ್ಗಲ್ಲಿ ಕೂಗುದ್ರೆ ನೀವು ಯಾವ ಕೂಗಿಗೆ ಓಗೊಟ್ಟೀರಿ? ಮೊದಲ್ನೇದಕ್ಕೋ, ಮೂರ್ನೇದಕ್ಕೋ?" ಅವಳು ಮಗುವನ್ನು ಓರಗಿತ್ತಿಯ ಕೈಗೆ ಕೊಟ್ಟು, ನೇರ ಕರುಗಲ್ಲಿನ ಬಳಿಗೆ ಹೋಗಿ, ಜಡೆಯನನ್ನು ನಡೆಯಲು ಹೇಳಿ, ತನ್ನ ದನಿಯಲ್ಲೇ ಕೂಗತೊಡಗಿದಳು. ಬಾಣಂತಿಯ ದನಿ ಎಷ್ಟು ದೂರ ಹೋದೀತು? ತಡಸಲ ಮರವನ್ನೂ ಮುಟ್ಟಲಿಲ್ಲ. ಜಡೆಯ ನಿಂತ ಕಡೆ ಊರಿನವರೇ ಹೊಸ ಕಿವಿಗಲ್ಲು ನೆಟ್ಟರು. ನೆಲ ಮೊದಲಿಗಿಂತಲೂ ಕಿರಿದಾಯಿತು. ಆ ಕಲ್ಲಿನ ಒಳಗೇ, ಯಾರ ಕಣ್ಣಿಗೂ ಬೀಳದ ಒಂದು ಒರತೆಯನ್ನು ಜಡೆಯ ತೋರಿಸಿಕೊಟ್ಟ. ಅದನ್ನು ತೋಡಿ ಕಟ್ಟೆ ಕಟ್ಟಿಕೊಂಡರು, ಕಲ್ಲು ಆಯ್ದು ಬದು ಹಾಕಿದರು, ಅರೆಹೊಟ್ಟೆ ಮುಕ್ಕಾಲು ಹೊಟ್ಟೆಯಾಗಲು ಹತ್ತು ವರ್ಷ ಹಿಡಿಯಿತು. ಒಕ್ಕಲು ಹೆಚ್ಚಿದಾಗ ತೆಂಕಣಕ್ಕೆ ಹೋಗಿ ಇನ್ನೊಂದು ಊರು ಕಟ್ಟಿದರು. ಅದರ ಎಲ್ಲೆಯನ್ನೂ ಹೆಂಗಸೇ ಕೂಗಿ ಅಳೆದಳು. ಅಂಕೇಗೌಡ ಶಾಲು ಹಿಂದಿರುಗಿಸಲು ಹೋದಾಗ ಪಾರುಪತ್ಯಗಾರ, ಗುಡ್ಡ ಓಗೊಟ್ಟಿತು ಎಂದು ಬರೆದು ಕಳಿಸಿದ್ದೇನೆ, ಇನ್ನು ಅದನ್ನು ತಿದ್ದಿದರೆ ನನ್ನ ಮರ್ಯಾದೆ ಏನಾದೀತು ಎಂದು ಗದರಿ ಅಟ್ಟಿದನಂತೆ. ಗೌಡ ಅಲ್ಲಿಂದ ನೇರ ತಗ್ಗಿಗೆ ಬಂದು, ಉಳಿ ಸುತ್ತಿಗೆ ಹಿಡಿದು, ಸುಳ್ಳುಗಲ್ಲಿನ ಕಿವಿಯನ್ನು ತನ್ನ ಕೈಯಾರೆ ಒಡೆದ. ಅಂದಿನಿಂದ ಆ ಗುಡ್ಡಕ್ಕೆ ಈ ಹೆಸರು. ಗುಡ್ಡವನ್ನು ಹಂಗಿಸಲು ಇಟ್ಟದ್ದಲ್ಲ, ಗುಡ್ಡದ ಮೇಲಿನ ಸುಳ್ಳು ಮಾತನ್ನು ತೊಳೆಯಲು ಇಟ್ಟದ್ದು ಎನ್ನುತ್ತಾರೆ.

ಪಾರುಪತ್ಯಗಾರನ ಬರಹ ಹಾಗೆಯೇ ಉಳಿದುಬಂದು, ಕಾಗದದಲ್ಲಿ ಆ ತಗ್ಗು ಈಗಲೂ ಊರಿನದೇ ಅಂತೆ. ಆಗಾಗ ಯಾರಾದರೂ ನಕ್ಷೆ ಹಿಡಿದು ಬರುತ್ತಾರೆ. ಗುಡ್ಡ ಸೀಳಿ ರಸ್ತೆ ಮಾಡೋಣ, ಮಡುವಿನ ದಂಡೆಯಲ್ಲಿ ತಂಗುಮನೆಗಳನ್ನು ಕಟ್ಟೋಣ, ನಿಮ್ಮ ಹೆಸರಿನಲ್ಲೇ ಇದೆಯಲ್ಲ ಎನ್ನುತ್ತಾರೆ. ಊರಿನವರು ಜಗಳವಾಡುವುದಿಲ್ಲ. ನೀವು ಅಲ್ಲಿಗೆ ಹೋಗಿ ನಿಂತಿರಿ, ನಮ್ಮ ಅಜ್ಜಿ ಇಲ್ಲಿಂದ ಕೂಗುತ್ತಾರೆ, ಕೇಳಿಸಿದರೆ ಕಟ್ಟಿ ಎಂದು ಕಳಿಸುತ್ತಾರೆ. ಇಲ್ಲಿಯವರೆಗೆ ಯಾರಿಗೂ ಕೇಳಿಸಿಲ್ಲ. ಬೇಸಗೆಯ ಮುಂಜಾನೆ ತಗ್ಗಿನಿಂದ ಆನೆಗಳು ನೀರೆರಚಿಕೊಳ್ಳುವ ಸದ್ದು ಮಾತ್ರ ಗುಡ್ಡದ ನೆತ್ತಿಯವರೆಗೆ ಕೇಳುತ್ತದೆ.

ಭಾನುವಾರಗಳಲ್ಲಿ ಪಟ್ಟಣದವರು ಬರುತ್ತಾರೆ. ಹುಣಸೆಮರದ ಕೆಳಗೆ ಇಳಿದು, ಬೋರ್ಡಿನ ಮೇಲಿನ ಹೆಸರು ಓದಿ, ಓಗೊಡುವುದಿಲ್ಲವಂತೆ, ನೋಡೇಬಿಡೋಣ ಎಂದು ಬಾಯಿಗೆ ಕೈ ಅಡ್ಡಹಿಡಿದು ಗುಡ್ಡದ ಕಡೆಗೆ "ಓ..." ಎಂದು ಕೂಗುತ್ತಾರೆ. ಅವರು ನಿಂತದ್ದು ಕಿವಿಗಲ್ಲಿನ ಒಳಗೆ. ಅದು ಮೊದಲ ಕೂಗು. ಗುಡ್ಡದ ಬುಡದ ಹೊಲದಲ್ಲಿ, ಬದುವಿನ ಮರೆಯಲ್ಲಿ ಕಳೆ ಕೀಳುತ್ತಿದ್ದ ಯಾವಳೋ ಹೆಂಗಸು ಕುಡುಗೋಲು ಹಿಡಿದೇ ಎದ್ದುನಿಂತು, ಎದೆ ತುಂಬ ಉಸಿರೆಳೆದು, "ಓ..." ಎಂದು ಓಗೊಡುತ್ತಾಳೆ. ಯಾರಿಗೆ ಏನಾಯಿತೋ ಎಂದು ಕೈಯನ್ನು ಹುಬ್ಬಿಗೆ ಹಿಡಿದು ನೋಡುತ್ತಾಳೆ. ಏನೂ ಆಗಿಲ್ಲವೆಂದು ತಿಳಿದ ಮೇಲೆ ಮತ್ತೆ ಬಾಗುತ್ತಾಳೆ. ಇತ್ತ ಬಂದವರು ಚಪ್ಪಾಳೆ ತಟ್ಟಿ ನಗುತ್ತಾರೆ. ಗುಡ್ಡ ಓಗೊಟ್ಟಿತಲ್ಲ, ಹೆಸರಿಟ್ಟವರಿಗೆ ಬುದ್ಧಿಯಿಲ್ಲ ಎಂದುಕೊಂಡು ಬಸ್ಸು ಹತ್ತುತ್ತಾರೆ.